ಮತಪತ್ರದಲ್ಲಿ ಇಲ್ಲದ ಪ್ರಶ್ನೆಗೆ ಬಂದ ಉತ್ತರ

ಚಲಾವಣೆಯಲ್ಲಿರುವ ಮತಪದ್ಧತಿಯ ಬಗ್ಗೆ ದೂರುಗಳಿಲ್ಲದ ಪ್ರಜಾಪ್ರಭುತ್ವ ಜಗತ್ತಿನಲ್ಲಿ ಸಿಗುವುದು ಕಷ್ಟ. ಮೂರನೇ ಒಂದು ಭಾಗದಷ್ಟು ಮತ ಪಡೆದ ಪಕ್ಷ ಸದನದ ಮೂರನೇ ಎರಡು ಭಾಗದ ಆಸುಪಾಸಿನ ಸ್ಥಾನಗಳನ್ನು ಗಳಿಸಿ ಆಳುವುದೂ, ಲಕ್ಷಗಟ್ಟಲೆ ಮತ ಬಿದ್ದ ಇನ್ನೊಂದು ಪಕ್ಷ ಒಂದೆರಡು ಸ್ಥಾನಗಳಿಗೆ ಸೀಮಿತವಾಗುವುದೂ ಫಲಿತಾಂಶದ ಮರುದಿನ ತಪ್ಪದೆ ಚರ್ಚೆಯಾಗುವ ಸಂಗತಿಗಳೇ. ಆದರೂ ಪದ್ಧತಿಯನ್ನು ಬದಲಿಸೋಣವೇ ಎಂದು ಜನರನ್ನೇ ನೇರವಾಗಿ ಕೇಳಿದಾಗ ಅವರು ಹಲವು ಕಡೆ ‘ಬೇಡ’ ಎಂದೇ ಹೇಳಿದ್ದಾರೆ. ಹೀಗೇಕೆ ಎಂಬುದು ಓದುಗರು ಮತ್ತೆ ಮತ್ತೆ ಎತ್ತುವ ಪ್ರಶ್ನೆ. ಜನಮತಗಣನೆ, ಅಂದರೆ ಒಂದು ನಿರ್ದಿಷ್ಟ ವಿಷಯದ ಮೇಲೆ ಮತದಾರರೆಲ್ಲರ ‘ಹೌದು’ ಅಥವಾ ‘ಇಲ್ಲ’ವನ್ನು ಕೇಳಿ ತೀರ್ಮಾನಿಸುವ ಕ್ರಮ, ಭಾರತದ ಚುನಾವಣಾ ವ್ಯವಸ್ಥೆಯ ಭಾಗವಲ್ಲವಾದ್ದರಿಂದ ಉತ್ತರವನ್ನು ಹೊರನಾಡಿನ ಅನುಭವದಲ್ಲಿ ಹುಡುಕಬೇಕಾಗುತ್ತದೆ, ಆ ದೃಷ್ಟಿಯಿಂದ 2011ರ ಮೇ 5ರಂದು ಬ್ರಿಟನ್ನಿನಲ್ಲಿ ನಡೆದ ಜನಮತಗಣನೆ ಬಹಳ ಮಟ್ಟಿಗೆ ಉಪಯುಕ್ತ ಪ್ರಕರಣ.

ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ಗೆ ಸದಸ್ಯರನ್ನು ಆರಿಸುವ ಕ್ರಮ ಭಾರತದ ಮತದಾರರಿಗೆ ಪರಿಚಿತವಾದದ್ದೇ. ಕ್ಷೇತ್ರಕ್ಕೊಬ್ಬ ಸದಸ್ಯ, ಮತದಾರನಿಗೊಂದು ಮತ, ಉಳಿದ ಪ್ರತಿಯೊಬ್ಬರಿಗಿಂತ ಹೆಚ್ಚು ಮತ ಪಡೆದವರು ಗೆದ್ದಂತೆ. ಅದು ಒಟ್ಟು ಮತಗಳ ಅರ್ಧದಷ್ಟಾದರೂ ಇರಬೇಕೆಂಬ ಕಟ್ಟಳೆಯಿಲ್ಲ. ‘ಫಸ್ಟ್ ಪಾಸ್ಟ್ ದಿ ಪೋಸ್ಟ್’ ಎಂದು ಕರೆಯಲಾಗುವ ಈ ಪದ್ಧತಿಯಲ್ಲಿ ಸ್ಪರ್ಧಿಗಳ ಸಂಖ್ಯೆ ಹೆಚ್ಚಿದಷ್ಟೂ ಗೆಲುವಿಗೆ ಬೇಕಾದ ಮತಗಳ ಪ್ರಮಾಣ ಇಳಿಯುತ್ತದೆ: 2015ರಲ್ಲಿ ಬೆಲ್‌ಫಾಸ್ಟ್ ಸೌತ್ ಕ್ಷೇತ್ರದ ವಿಜೇತರಿಗೆ ಬಿದ್ದದ್ದು ಶೇ 24.5ರಷ್ಟು ಮತ ಮಾತ್ರ, ಅಂದರೆ ಮತ ಹಾಕಿದ ನಾಲ್ವರಲ್ಲಿ ಮೂವರು ಅವರನ್ನು ಆರಿಸಿರಲಿಲ್ಲ. ರಾಜ್ಯ ಅಥವಾ ದೇಶದ ಮಟ್ಟದಲ್ಲಿ ಮತಗಳ ಪ್ರಮಾಣಕ್ಕೂ ಸ್ಥಾನಗಳ ಸಂಖ್ಯೆಗೂ ತಾಳೆಯಾಗದಿರುವುದು ಇದರ ಇನ್ನೊಂದು ಪರಿಣಾಮ. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಸುಮಾರು ಶೇ 38ರಷ್ಟು ಮತ ಪಡೆದೂ ಶೇ 36ರಷ್ಟು ಪಡೆದ ಬಿಜೆಪಿಗಿಂತ ಇಪ್ಪತ್ತಕ್ಕೂ ಹೆಚ್ಚು ಸ್ಥಾನಗಳಷ್ಟು ಹಿಂದುಳಿದದ್ದನ್ನು ನೆನೆದರೆ ಬ್ರಿಟನ್ನಿನ ದೂರು ಇಲ್ಲಿಯವರಿಗೆ ಅಪರಿಚಿತವೆನಿಸುವುದಿಲ್ಲ.

ಈ ಪದ್ಧತಿಯ ಬದಲಿಗೆ 2011ರಲ್ಲಿ ಬ್ರಿಟನ್ನಿನ ಜನರ ಮುಂದಿಟ್ಟದ್ದು ಪರ್ಯಾಯ ಮತ ಪದ್ಧತಿ. ಇದರಲ್ಲಿಯೂ ಕ್ಷೇತ್ರಕ್ಕೆ ಒಬ್ಬರೇ ಸದಸ್ಯರು. ವ್ಯತ್ಯಾಸವೆಂದರೆ ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ ತಮ್ಮ ಒಲವಿನ ಕ್ರಮದಲ್ಲಿ 1, 2, 3 ಎಂದು ಅಂಕಿಗಳನ್ನು ಬರೆಯುತ್ತಾರೆ. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯ ಸ್ಥಾನದಲ್ಲಿರುವವರನ್ನು ಕಣದಿಂದ ಕೈಬಿಟ್ಟು, ಅವರ ಮತಪತ್ರಗಳನ್ನು ಎರಡನೇ ಪ್ರಾಶಸ್ತ್ಯದ ಪ್ರಕಾರ ಉಳಿದವರಿಗೆ ಹಂಚಲಾಗುತ್ತದೆ; ಯಾರಾದರೊಬ್ಬರು ಎಣಿಕೆಯಲ್ಲಿ ಉಳಿದಿರುವ ಮತಗಳ ಅರ್ಧವನ್ನು ದಾಟುವವರೆಗೆ ಈ ಕೆಲಸ ಸುತ್ತು ಸುತ್ತಾಗಿ ಮುಂದುವರಿಯುತ್ತದೆ. ಕರ್ನಾಟಕದ ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ, ಏಕೆಂದರೆ ಅಲ್ಲಿ ದಶಕಗಳಿಂದ ನಡೆಯುತ್ತಿರುವುದು ಹೆಚ್ಚುಕಡಿಮೆ ಇದೇ ಕ್ರಮ: ಅದೇ ಪ್ರಾಶಸ್ತ್ಯದ ಅಂಕಿಗಳು, ತಡರಾತ್ರಿಯವರೆಗೂ ಎಳೆಯುವ ಅದೇ ಸುತ್ತುಗಳ ಎಣಿಕೆ, ಅಂಕಿಯ ಬದಲು ಸರಿ ಗುರುತು ಹಾಕಿ ಮತ ಅಸಿಂಧುವಾಗಿಸಿಕೊಳ್ಳುವ ವಿದ್ಯಾವಂತರೂ ಸೇರಿದಂತೆ. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ನೀಲಂ ಸಂಜೀವ ರೆಡ್ಡಿಯವರ ಎದುರು ವಿ.ವಿ. ಗಿರಿಯವರು ಗೆದ್ದದ್ದು ಎರಡನೇ ಪ್ರಾಶಸ್ತ್ಯದ ಮತಗಳ ಎಣಿಕೆಯ ಬಳಿಕವೇ. ಆಸ್ಟ್ರೇಲಿಯಾದ ಕೆಳಮನೆಗೆ 1918ರಲ್ಲಿ ಈ ಪದ್ಧತಿ ಬಂದಿತು. ಶತಮಾನ ಕಳೆದರೂ ಅಲ್ಲಿ ಅದು ಗೊಂದಲದ ವಸ್ತುವಾಗಿಲ್ಲ.

ಆದರೆ ಬ್ರಿಟನ್ನಿನಲ್ಲಿ ಈ ಪದ್ಧತಿ ಜನಮತಗಣನೆಯ ಮತಪತ್ರಕ್ಕೆ ಬಂದದ್ದು ಯಾರಾದರೂ ಅದನ್ನು ಬಯಸಿದ್ದರಿಂದಲ್ಲ. 2010ರ ಸಾರ್ವತ್ರಿಕ ಚುನಾವಣೆಯಲ್ಲಿ ಲಿಬರಲ್ ಡೆಮಾಕ್ರಾಟ್ ಪಕ್ಷ ಶೇ 23ರಷ್ಟು ಮತ ಪಡೆದೂ 650ರಲ್ಲಿ 57 ಸ್ಥಾನಗಳನ್ನಷ್ಟೇ ಗೆದ್ದಿತ್ತು. ಯಾವ ಪಕ್ಷಕ್ಕೂ ಬಹುಮತ ಬಾರದೆ ಕನ್ಸರ್ವೇಟಿವ್ ಪಕ್ಷದೊಂದಿಗೆ ಸಮ್ಮಿಶ್ರ ಸರಕಾರ ರಚಿಸುವ ಮಾತುಕತೆ ನಡೆದಾಗ, ಲಿಬರಲ್ ಡೆಮಾಕ್ರಾಟರು ಹಲವು ದಶಕಗಳಿಂದ ಕೇಳುತ್ತ ಬಂದದ್ದು ಪ್ರಮಾಣಾನುಗುಣ ಪ್ರಾತಿನಿಧ್ಯ, ಅಂದರೆ ಪಕ್ಷಕ್ಕೆ ಬಿದ್ದ ಮತಗಳ ಪ್ರಮಾಣದಲ್ಲಿಯೇ ಸ್ಥಾನಗಳು ದೊರೆಯುವ ವ್ಯವಸ್ಥೆ. ಅದನ್ನು ಕೊಡಲು ಕನ್ಸರ್ವೇಟಿವರು ಸಿದ್ಧರಿರಲಿಲ್ಲ. ಪರ್ಯಾಯ ಮತದ ಕುರಿತು ಜನಮತಗಣನೆ ನಡೆಸುತ್ತೇವೆ, ಆದರೆ ಅದರಲ್ಲಿ ‘ಬೇಡ’ ಎಂದು ಪ್ರಚಾರ ಮಾಡುವ ಸ್ವಾತಂತ್ರ್ಯ ನಮಗಿರುತ್ತದೆ ಎಂಬಲ್ಲಿಗೆ ಚೌಕಾಸಿ ಮುಗಿಯಿತು. ಪರ್ಯಾಯ ಮತದಲ್ಲಿ ಪ್ರಮಾಣಾನುಗುಣತೆ ತಾನಾಗಿ ಬರುವುದಿಲ್ಲ. ಅಲೆಯೊಂದು ಎದ್ದ ಚುನಾವಣೆಯಲ್ಲಿ ಅದು ಫಲಿತಾಂಶವನ್ನು ಇನ್ನಷ್ಟು ಓರೆಯಾಗಿಸಬಹುದೆಂದು ರಾಯ್ ಜೆಂಕಿನ್ಸ್ ಅವರ ನೇತೃತ್ವದ ಆಯೋಗ 1998ರಲ್ಲಿಯೇ ಎಚ್ಚರಿಸಿತ್ತು. ಚುನಾವಣೆಗೆ ಮುನ್ನ ಲಿಬರಲ್ ಡೆಮಾಕ್ರಾಟ್ ನಾಯಕ ನಿಕ್ ಕ್ಲೆಗ್ ಅವರೂ ಈ ಪದ್ಧತಿಯನ್ನು ದರಿದ್ರವಾದೊಂದು ಸಣ್ಣ ರಾಜಿ ಎಂಬ ಅರ್ಥದ ಮಾತಿನಲ್ಲಿ ತಳ್ಳಿಹಾಕಿದ್ದರು. ವರ್ಷ ಕಳೆಯುವಷ್ಟರಲ್ಲಿ ಅದೇ ರಾಜಿಯನ್ನು ಸುಧಾರಣೆಯೆಂದು ಜನರಿಗೆ ಒಪ್ಪಿಸುವ ಹೊಣೆ ಅವರ ಹೆಗಲಿಗೇರಿತು. ಎದುರಾಳಿಗಳಿಗೆ ಇದಕ್ಕಿಂತ ಹೆಚ್ಚಿನ ಮದ್ದುಗುಂಡು ಬೇಕಿರಲಿಲ್ಲ.

‘ಬೇಡ’ ಎನ್ನುವವರ ಪ್ರಚಾರ ಮತಪದ್ಧತಿಯ ಬಗ್ಗೆ ಮಾತನಾಡಿದ್ದು ಕಡಿಮೆ, ಹಣದ ಬಗ್ಗೆ ಮಾತನಾಡಿದ್ದು ಹೆಚ್ಚು. ಹೊಸ ಪದ್ಧತಿಗೆ 25 ಕೋಟಿ ಪೌಂಡ್ ಖರ್ಚಾಗುತ್ತದೆ ಎಂದು ಅದು ಸಾರಿತು; ಆ ಲೆಕ್ಕದಲ್ಲಿ ಜನಮತಗಣನೆಯ ವೆಚ್ಚವೂ, ಯಾರೂ ಕೊಳ್ಳಲು ತೀರ್ಮಾನಿಸಿರದ ಎಣಿಕೆ ಯಂತ್ರಗಳ ಬೆಲೆಯೂ ಸೇರಿದ್ದವು. ಆಸ್ಟ್ರೇಲಿಯಾದಲ್ಲಿ ಕೆಳಮನೆಯ ಮತಗಳನ್ನು ಕೈಯಿಂದಲೇ ಎಣಿಸುತ್ತಾರೆಂಬ ಉತ್ತರ ಬರುವ ಹೊತ್ತಿಗೆ ಭಿತ್ತಿಚಿತ್ರಗಳು ಊರೂರು ತಲುಪಿದ್ದವು: ಒಂದರಲ್ಲಿ ನವಜಾತ ಶಿಶು, ಇದಕ್ಕೆ ಬೇಕಾದದ್ದು ಹೃದ್ರೋಗ ಚಿಕಿತ್ಸೆಯ ಸೌಲಭ್ಯ, ಹೊಸ ಮತಪದ್ಧತಿಯಲ್ಲ ಎಂಬ ತಾತ್ಪರ್ಯದ ಬರಹದೊಂದಿಗೆ, ಇನ್ನೊಂದರಲ್ಲಿ ಗುಂಡುನಿರೋಧಕ ಕವಚದ ಅಗತ್ಯವಿರುವ ಸೈನಿಕ. ಆರ್ಥಿಕ ಕುಸಿತದ ಬಳಿಕ ಸರಕಾರಿ ಖರ್ಚಿಗೆ ಕತ್ತರಿ ಬೀಳುತ್ತಿದ್ದ ಕಾಲದಲ್ಲಿ ಈ ಚಿತ್ರಗಳು ಜನರನ್ನು ತಟ್ಟದಿದ್ದರೆ ಆಶ್ಚರ್ಯ. ಇನ್ನು ಕ್ಲೆಗ್ ಅವರ ಮುಖ ಕರಪತ್ರಗಳಲ್ಲಿ ವಿಜೃಂಭಿಸಿತು, ಅದೂ ಅವರ ವಿರೋಧಿಗಳ ಕರಪತ್ರಗಳಲ್ಲಿ. ವಿಶ್ವವಿದ್ಯಾಲಯದ ಶುಲ್ಕ ಏರಿಕೆಯನ್ನು ವಿರೋಧಿಸುವುದಾಗಿ ಸಹಿ ಹಾಕಿ ಮತ ಕೇಳಿದ್ದ ಲಿಬರಲ್ ಡೆಮಾಕ್ರಾಟ್ ಸಚಿವರೇ 2010ರ ಡಿಸೆಂಬರ್‌ನಲ್ಲಿ ಶುಲ್ಕದ ಮಿತಿಯನ್ನು 9,000 ಪೌಂಡ್‌ಗಳಿಗೆ ಏರಿಸುವ ನಿರ್ಣಯದ ಪರ ನಿಂತಿದ್ದರು. ಪರ್ಯಾಯ ಮತ ಬಂದರೆ ಸಮ್ಮಿಶ್ರ ಸರಕಾರಗಳು ಹೆಚ್ಚುತ್ತವೆ, ಸಮ್ಮಿಶ್ರ ಸರಕಾರವೆಂದರೆ ಮುರಿದ ವಚನಗಳು ಎಂಬ ಎರಡು ಹೆಜ್ಜೆಯ ತರ್ಕವನ್ನು ಮತದಾರರ ತಲೆಗೆ ಇಳಿಸಲು ಆ ಒಂದು ಮುಖ ಸಾಕಾಯಿತು.

‘ಹೌದು’ ಪ್ರಚಾರದ ಸ್ಥಿತಿ ಇದಕ್ಕಿಂತ ಶೋಚನೀಯ. ಪರ್ಯಾಯ ಮತದಿಂದ ಸಂಸದರು ಹೆಚ್ಚು ದುಡಿಯುವಂತಾಗುತ್ತದೆ ಎಂದು ಅದು ಹೇಳಿತು. ಸಂಸದರ ಭತ್ಯೆಗಳ ದುರುಪಯೋಗದ 2009ರ ಹಗರಣ ಜನರ ನೆನಪಿನಲ್ಲಿತ್ತೆಂಬುದು ನಿಜವಾದರೂ, ಪ್ರಾಶಸ್ತ್ಯದ ಅಂಕಿಗಳಿಂದ ಸಂಸದರ ದುಡಿಮೆ ಹೇಗೆ ಹೆಚ್ಚುತ್ತದೆಂಬುದನ್ನು ಯಾರಿಗೂ ಮನವರಿಕೆಯಾಗುವಂತೆ ವಿವರಿಸಲು ಅದಕ್ಕೆ ಸಾಧ್ಯವಾಗಲಿಲ್ಲ. ಕಾಲಿನ್ ಫರ್ತ್, ಸ್ಟೀಫನ್ ಫ್ರೈ ಅವರಂಥ ಕಲಾವಿದರ ಬೆಂಬಲವನ್ನು ಅದು ಮೆರೆಸಿತು, ಆದರೆ ಶ್ರಮಿಕರ ಬಡಾವಣೆಗಳಲ್ಲಿ ಮನೆಬಾಗಿಲು ತಟ್ಟುವ ಸ್ಥಳೀಯ ಕಾರ್ಯಕರ್ತರ ಬಲ ಅದಕ್ಕೆ ಅಷ್ಟಾಗಿ ಒದಗಲಿಲ್ಲ. ಲೇಬರ್ ಪಕ್ಷದ ನಾಯಕ ಎಡ್ ಮಿಲಿಬ್ಯಾಂಡ್ ‘ಹೌದು’ ಎಂದರೂ ಅವರದೇ ಪಕ್ಷದ ನೂರಕ್ಕೂ ಹೆಚ್ಚು ಸಂಸದರು ‘ಬೇಡ’ ಎಂದರು. ಮಾಜಿ ಲೇಬರ್ ಸಚಿವ ಜಾನ್ ರೀಡ್ ಕನ್ಸರ್ವೇಟಿವ್ ಪ್ರಧಾನಿ ಡೇವಿಡ್ ಕ್ಯಾಮರಾನ್ ಜೊತೆ ಒಂದೇ ವೇದಿಕೆ ಹಂಚಿಕೊಂಡರು. ತಮಾಷೆಯೆಂದರೆ ಒಳಗಿನ ಚುನಾವಣೆಗಳಲ್ಲಿ ಈ ಪಕ್ಷಗಳು ಅನುಸರಿಸುತ್ತಿದ್ದದ್ದು ಸುತ್ತು ಸುತ್ತಾಗಿ ಕೈಬಿಡುವ ಕ್ರಮವನ್ನೇ. 2005ರಲ್ಲಿ ಕನ್ಸರ್ವೇಟಿವ್ ನಾಯಕನ ಆಯ್ಕೆಗೆ ಸಂಸದರು ಹಾಕಿದ ಮೊದಲ ಸುತ್ತಿನ ಮತಗಳಲ್ಲಿ ಮುಂದಿದ್ದವರು ಡೇವಿಡ್ ಡೇವಿಸ್. ಹೆಚ್ಚು ಮತ ಪಡೆದವರೇ ಗೆದ್ದಂತೆ ಎಂಬ ನಿಯಮ ಅಂದು ಇದ್ದಿದ್ದರೆ ಕ್ಯಾಮರಾನ್ ನಾಯಕರಾಗುತ್ತಲೇ ಇರಲಿಲ್ಲ. ಪರ್ಯಾಯ ಮತದಿಂದ ತೀವ್ರ ಬಲಪಂಥೀಯ ಬ್ರಿಟಿಷ್ ನ್ಯಾಷನಲ್ ಪಾರ್ಟಿಗೆ ಲಾಭ ಎಂಬ ಬೆದರಿಕೆಯೂ ಕೇಳಿಬಂದಿತು, ಆದರೆ ಸ್ವತಃ ಆ ಪಕ್ಷ ‘ಬೇಡ’ದ ಕಡೆಗಿತ್ತು.

ಫಲಿತಾಂಶ ಏಕಪಕ್ಷೀಯವಾಗಿತ್ತು. ಸುಮಾರು 1.30 ಕೋಟಿ ಮಂದಿ, ಅಂದರೆ ಶೇ 67.9ರಷ್ಟು, ‘ಬೇಡ’ ಎಂದರು. ‘ಹೌದು’ ಎಂದವರು 61.5 ಲಕ್ಷ, ಶೇ 32.1. ಮತ ಎಣಿಕೆಗೆಂದು ಗುರುತಿಸಿದ್ದ 440 ಪ್ರದೇಶಗಳಲ್ಲಿ ‘ಹೌದು’ ಮುಂದಿದ್ದದ್ದು ಹತ್ತರಲ್ಲಿ ಮಾತ್ರ: ಆಕ್ಸ್‌ಫರ್ಡ್, ಕೇಂಬ್ರಿಜ್, ಒಳ ಲಂಡನ್ನಿನ ಕೆಲವು ಬರೋಗಳು, ಎಡಿನ್‌ಬರೋ ಮತ್ತು ಗ್ಲಾಸ್ಗೋ ನಗರಗಳ ಒಂದೊಂದು ಭಾಗ. ವಿಶ್ವವಿದ್ಯಾಲಯಗಳ ನೆರಳಿನಲ್ಲಿರುವ, ಯುವಜನರು ದಟ್ಟವಾಗಿರುವ ಪ್ರದೇಶಗಳೇ ಅವುಗಳಲ್ಲಿ ಹೆಚ್ಚು ಎಂಬುದನ್ನು ಕಂಡವರು ಇದು ಓದಿದವರ ಗೀಳು ಎಂದು ಹಂಗಿಸಿದರು. ಅದಕ್ಕಿಂತ ಗಮನಿಸಬೇಕಾದ ಅಂಶ ಉತ್ತರ ಐರ್ಲೆಂಡ್‌ನದು. ಪ್ರಾಶಸ್ತ್ಯದ ಅಂಕಿಗಳಲ್ಲಿ ಮತ ಹಾಕುವುದನ್ನು ಸ್ಥಳೀಯ ಮತ್ತು ಪ್ರಾಂತೀಯ ಚುನಾವಣೆಗಳಲ್ಲಿ ಬಹುಕಾಲದಿಂದ ರೂಢಿಸಿಕೊಂಡಿದ್ದ ಅಲ್ಲಿ ‘ಹೌದು’ ಎಂದವರು ಶೇ 43ಕ್ಕೂ ಹೆಚ್ಚು, ಅಂದರೆ ಬ್ರಿಟನ್ನಿನ ನಾಲ್ಕು ಭಾಗಗಳಲ್ಲಿ ಅತ್ಯಧಿಕ. ಅಭ್ಯಾಸವಾದದ್ದು ಅಂಜಿಸುವುದಿಲ್ಲ ಎಂದು ಇದರಿಂದ ತೀರ್ಮಾನಿಸುವ ಆಸೆ ಹುಟ್ಟುತ್ತದೆಯಾದರೂ, 2007ರಿಂದ ಸ್ಥಳೀಯ ಚುನಾವಣೆಗಳಲ್ಲಿ ಅದೇ ಅಂಕಿಗಳನ್ನು ಬರೆಯುತ್ತಿದ್ದ ಸ್ಕಾಟ್ಲೆಂಡ್ ಶೇ 36ರ ಬಳಿಯಲ್ಲಿಯೇ ನಿಂತಿತೆಂಬುದನ್ನು ಮರೆಯುವಂತಿಲ್ಲ. ಇವೆಲ್ಲಕ್ಕಿಂತ ದೊಡ್ಡ ಪ್ರತಿಕ್ರಿಯೆ ಮತಗಟ್ಟೆಗೆ ಬಾರದವರದು: ಮತದಾನ ನಡೆದದ್ದು ಶೇ 42ರಷ್ಟು. ಹತ್ತರಲ್ಲಿ ಸುಮಾರು ಆರು ಮಂದಿಗೆ ಈ ಪ್ರಶ್ನೆ ಮನೆಯಿಂದ ಹೊರಡುವಷ್ಟು ಮುಖ್ಯವೆನಿಸಲಿಲ್ಲ.

ಸೋತವರ ಪಾಳೆಯದಲ್ಲಿ ಎರಡು ವಿವರಣೆಗಳು ಚಾಲ್ತಿಗೆ ಬಂದವು. ಸುಳ್ಳಿನ ಪ್ರಚಾರ ಗೆದ್ದಿತು ಎಂಬುದು ಒಂದು. ಜನರಿಗೆ ಪದ್ಧತಿ ಅರ್ಥವಾಗಲಿಲ್ಲ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಸತ್ಯಾಂಶವಿದೆ. ಎರಡನೆಯದು ದುರಹಂಕಾರ. ಮತದಾರರು ಪರ್ಯಾಯ ಮತದ ಗಣಿತವನ್ನು ಕರಗತ ಮಾಡಿಕೊಂಡಿರಲಿಕ್ಕಿಲ್ಲ, ಆದರೆ ಇದನ್ನು ತಮ್ಮ ಮುಂದಿಡುತ್ತಿರುವವರು ಯಾರು, ಅವರು ಹಿಂದೆ ಏನು ಹೇಳಿದ್ದರು, ಇದರಿಂದ ಯಾರಿಗೆ ಲಾಭ ಎಂಬ ಮೂರು ಸಂಗತಿಗಳನ್ನು ಅವರು ಚೆನ್ನಾಗಿಯೇ ಅರ್ಥಮಾಡಿಕೊಂಡಿದ್ದರು. ಮತಪತ್ರದಲ್ಲಿ ಅಚ್ಚಾದದ್ದು ಒಂದು ಪ್ರಶ್ನೆ. ಬಹುಪಾಲು ಜನರು ಉತ್ತರಿಸಿದ್ದು ಅಚ್ಚಾಗದ ಬೇರೊಂದಕ್ಕೆ. ಗೆದ್ದವರು ಅದನ್ನು ಓದಿಕೊಂಡ ರೀತಿಯೂ ಅಷ್ಟೇ ಅನುಕೂಲಸಿಂಧುವಾದದ್ದು: ಹಳೆಯ ಪದ್ಧತಿಗೆ ಜನ ಒಪ್ಪಿಗೆಯ ಮುದ್ರೆ ಒತ್ತಿದ್ದಾರೆ ಎಂದು ಅವರು ಸಾರಿದರು. ಲಂಡನ್ ಮೇಯರ್ ಹುದ್ದೆಗೆ 2000ದಿಂದ ಬಳಕೆಯಲ್ಲಿದ್ದ ಎರಡು ಪ್ರಾಶಸ್ತ್ಯಗಳ ಪದ್ಧತಿಯನ್ನು 2022ರ ಕಾಯ್ದೆಯ ಮೂಲಕ ತೆಗೆದುಹಾಕುವಾಗಲೂ ಸರಕಾರ 2011ರ ಫಲಿತಾಂಶವನ್ನೇ ಆಧಾರವಾಗಿ ತೋರಿಸಿತು, ಮೇಯರ್ ಆಯ್ಕೆಯ ಬಗ್ಗೆ ಅಂದು ಯಾರನ್ನೂ ಕೇಳಿರಲಿಲ್ಲವೆಂಬುದನ್ನು ಲೆಕ್ಕಿಸದೆ.

ಜನರು ಸ್ವಭಾವತಃ ಬದಲಾವಣೆಗೆ ಹೆದರುತ್ತಾರೆಂಬ ಮಾತಿಗೆ ನ್ಯೂಜಿಲೆಂಡ್ ಉತ್ತರ ಕೊಟ್ಟಿದೆ. ಅಲ್ಲಿಯೂ ಬ್ರಿಟನ್ನಿನಿಂದ ಬಂದ ಪದ್ಧತಿಯೇ ಇತ್ತು. 1978ರಲ್ಲಿಯೂ 1981ರಲ್ಲಿಯೂ ಲೇಬರ್ ಪಕ್ಷ ಹೆಚ್ಚು ಮತ ಪಡೆದರೂ ಅಧಿಕಾರ ನ್ಯಾಷನಲ್ ಪಕ್ಷದ ಕೈಯಲ್ಲಿಯೇ ಉಳಿಯಿತು, 1981ರಲ್ಲಿ ಸೋಷಿಯಲ್ ಕ್ರೆಡಿಟ್ ಪಕ್ಷ ಶೇ 20ಕ್ಕೂ ಹೆಚ್ಚು ಮತ ಪಡೆದು ಎರಡೇ ಸ್ಥಾನ ಗಳಿಸಿತು. 1986ರಲ್ಲಿ ವರದಿ ಕೊಟ್ಟ ಚುನಾವಣಾ ವ್ಯವಸ್ಥೆಯ ರಾಯಲ್ ಆಯೋಗ, ಮಿಶ್ರ ಸದಸ್ಯ ಪದ್ಧತಿಯನ್ನು ಶಿಫಾರಸು ಮಾಡಿತು: ಮತದಾರರಿಗೆ ಎರಡು ಮತ, ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ, ಸದನದಲ್ಲಿ ಪಕ್ಷದ ಒಟ್ಟು ಬಲವನ್ನು ನಿರ್ಧರಿಸುವುದು ಪಕ್ಷಕ್ಕೆ ಬಿದ್ದ ಮತ. ದೊಡ್ಡ ಪಕ್ಷಗಳೆರಡಕ್ಕೂ ಇದು ಬೇಡವಾಗಿತ್ತು. ಆದರೆ ಎಂಬತ್ತರ ದಶಕದಲ್ಲಿ ಲೇಬರ್ ಸರಕಾರ, ತೊಂಬತ್ತರ ಆರಂಭದಲ್ಲಿ ನ್ಯಾಷನಲ್ ಸರಕಾರ, ಎರಡೂ ಚುನಾವಣೆಯಲ್ಲಿ ಹೇಳದೇ ಇದ್ದ ಕಠಿಣ ಆರ್ಥಿಕ ನೀತಿಗಳನ್ನು ಜನರ ಮೇಲೆ ಹೇರಿದ್ದವು. ಯಾರನ್ನು ಗೆಲ್ಲಿಸಿದರೂ ಲಗಾಮಿಲ್ಲದ ಅಧಿಕಾರ ಸಿಗುತ್ತದೆ ಎಂಬ ಸಿಟ್ಟು ಮಡುಗಟ್ಟಿತ್ತು. 1992ರ ಸೆಪ್ಟೆಂಬರ್‌ನಲ್ಲಿ ಅಭಿಪ್ರಾಯ ತಿಳಿಯುವುದಕ್ಕೆಂದು ನಡೆಸಿದ ಮೊದಲ ಜನಮತಗಣನೆಯಲ್ಲಿ ಶೇ 84.7ರಷ್ಟು ಮಂದಿ ಬದಲಾವಣೆ ಬೇಕೆಂದರು.

1993ರ ನವೆಂಬರ್‌ನಲ್ಲಿ ಸಾರ್ವತ್ರಿಕ ಚುನಾವಣೆಯೊಂದಿಗೆ ನಡೆದ ಅಂತಿಮ ಜನಮತಗಣನೆಯಲ್ಲಿ ಆ ಉತ್ಸಾಹ ಇಳಿದಿತ್ತು. ಉದ್ಯಮಿ ಪೀಟರ್ ಶರ್ಟ್‌ಕ್ಲಿಫ್ ಮುಂದಾಳತ್ವದ ವಿರೋಧಿ ಬಣ ಜಾಹೀರಾತಿಗೆ ಧಾರಾಳವಾಗಿ ಹಣ ಸುರಿದಿತ್ತು. ಆದರೂ ಶೇ 53.9ರಷ್ಟು ಮತಗಳೊಂದಿಗೆ ಹೊಸ ಪದ್ಧತಿ ಗೆದ್ದಿತು. ಬ್ರಿಟನ್ನಿನಲ್ಲಿ ರಾಜಕಾರಣಿಗಳ ಮೇಲಿನ ಅಪನಂಬಿಕೆ ಬದಲಾವಣೆಗೆ ಮುಳುವಾದರೆ ನ್ಯೂಜಿಲೆಂಡ್‌ನಲ್ಲಿ ಅದೇ ಅಪನಂಬಿಕೆ ಬದಲಾವಣೆಯನ್ನು ಗೆಲ್ಲಿಸಿತು, ಏಕೆಂದರೆ ಅಲ್ಲಿ ಪ್ರಸ್ತಾವ ಬಂದದ್ದು ಪಕ್ಷಗಳ ಚೌಕಾಸಿಯಿಂದಲ್ಲ, ನಿಷ್ಪಕ್ಷಪಾತವಾದ ಆಯೋಗವೊಂದರಿಂದ. ದೊಡ್ಡ ಪಕ್ಷಗಳ ನಾಯಕರು ಮತ್ತು ಹಣವಂತರು ಅದನ್ನು ವಿರೋಧಿಸುತ್ತಿರುವುದೇ ಅನೇಕರಿಗೆ ಅದರ ಪರವಾದ ಸಾಕ್ಷಿಯಂತೆ ಕಂಡಿತು. 2011ರಲ್ಲಿ, ಬ್ರಿಟನ್ ‘ಬೇಡ’ ಎಂದ ವರ್ಷವೇ, ನ್ಯೂಜಿಲೆಂಡ್ ಜನರನ್ನು ಮತ್ತೊಮ್ಮೆ ಕೇಳಿತು. ಶೇ 57ಕ್ಕೂ ಹೆಚ್ಚು ಮಂದಿ ಹೊಸದನ್ನೇ ಉಳಿಸಿಕೊಳ್ಳೋಣ ಎಂದರು. ಹದಿನೈದು ವರ್ಷ ಬಳಸಿದ ಮೇಲೆ ಅದು ಹಳೆಯದಾಗಿತ್ತು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕಥೆ ಇವೆರಡಕ್ಕಿಂತ ವಿಚಿತ್ರ. 2001ರ ಚುನಾವಣೆಯಲ್ಲಿ ಅಲ್ಲಿನ ಲಿಬರಲ್ ಪಕ್ಷ ಶೇ 57ರಷ್ಟು ಮತಗಳಿಗೆ 79ರಲ್ಲಿ 77 ಸ್ಥಾನ ಗಳಿಸಿತ್ತು. ಆದರೆ ಅದಕ್ಕೂ ಹಿಂದಿನ ಚುನಾವಣೆಯಲ್ಲಿ ಹೆಚ್ಚು ಮತ ಪಡೆದೂ ಸೋತಿದ್ದ ಕಹಿ ಅದಕ್ಕೆ ನೆನಪಿತ್ತು. ಆ ಸರಕಾರ ಪದ್ಧತಿಯನ್ನು ತಾನೇ ಸೂಚಿಸದೆ, ಮತದಾರರ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸಿದ 160 ಮಂದಿ ಸಾಮಾನ್ಯ ನಾಗರಿಕರ ಸಭೆಯೊಂದನ್ನು 2004ರಲ್ಲಿ ಕೂರಿಸಿತು. ತಿಂಗಳುಗಟ್ಟಲೆ ಅಧ್ಯಯನ ಮಾಡಿ, ಊರೂರುಗಳಲ್ಲಿ ಅಹವಾಲು ಕೇಳಿ ಅವರು ಏಕ ವರ್ಗಾವಣೀಯ ಮತ ಪದ್ಧತಿಯನ್ನು ಸೂಚಿಸಿದರು. ಒಂದು ಕ್ಷೇತ್ರದಿಂದ ಹಲವು ಸದಸ್ಯರನ್ನು ಪ್ರಾಶಸ್ತ್ಯದ ಅಂಕಿಗಳ ಮೂಲಕ ಆರಿಸುವ ಈ ಕ್ರಮ ಪರ್ಯಾಯ ಮತಕ್ಕಿಂತ ಜಟಿಲವಾದದ್ದು. ಆದರೂ 2005ರ ಜನಮತಗಣನೆಯಲ್ಲಿ ಶೇ 57.7ರಷ್ಟು ಮಂದಿ ‘ಹೌದು’ ಎಂದರು, 79 ಕ್ಷೇತ್ರಗಳ ಪೈಕಿ 77ರಲ್ಲಿ ಬಹುಮತ ಅದರ ಕಡೆಗಿತ್ತು. ಲೆಕ್ಕಾಚಾರ ಅರ್ಥವಾಗದಿದ್ದರೂ ನಮ್ಮಂಥವರೇ ಕೂತು ತೀರ್ಮಾನಿಸಿದ್ದು ಎಂಬ ವಿಶ್ವಾಸ ಹಲವರನ್ನು ಒಲಿಸಿತೆಂದು ಆ ಜನಮತಗಣನೆಯನ್ನು ಅಭ್ಯಸಿಸಿದವರು ಹೇಳುತ್ತಾರೆ. ಸರಕಾರ ಮೊದಲೇ ಶೇ 60ರ ಗೆರೆ ಎಳೆದಿತ್ತಾದ್ದರಿಂದ ಅದು ಸೋತಿತು. 2009ರಲ್ಲಿ ಅದೇ ಪ್ರಸ್ತಾವವನ್ನು ಮತ್ತೆ ಮುಂದಿಟ್ಟಾಗ ‘ಹೌದು’ ಶೇ 39ಕ್ಕೆ ಕುಸಿಯಿತು. 2018ರಲ್ಲಿ ಅಂಚೆಯ ಮೂಲಕ ನಡೆದ ಮೂರನೆಯದರಲ್ಲಿ ಶೇ 61ರಷ್ಟು ಮಂದಿ ಹಳೆಯದೇ ಇರಲಿ ಎಂದರು. ನಾಗರಿಕ ಸಭೆಯ ನೆನಪು ಮಾಸಿದಂತೆ ವಿಷಯ ಪಕ್ಷಗಳ ಕೈಗೆ ಹೋಯಿತು, ಪಕ್ಷಗಳ ಕೈಗೆ ಹೋದ ಮೇಲೆ ಜನ ಪಕ್ಷಗಳನ್ನು ನೋಡಿಯೇ ಮತ ಹಾಕಿದರು.

ಆದ್ದರಿಂದ ಬ್ರಿಟನ್ನಿನ 2011ರ ಫಲಿತಾಂಶವನ್ನು ಹಳೆಯ ಪದ್ಧತಿಯ ಮೇಲಿನ ಪ್ರೀತಿಯೆಂದು ಓದುವುದು ತಪ್ಪು. ಜನರಿಗೆ ನ್ಯಾಯವಾದ ಪ್ರಾತಿನಿಧ್ಯ ಬೇಡವೆಂದು ಓದುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಅಂಥ ಪ್ರಾತಿನಿಧ್ಯ ಆ ದಿನ ಆಯ್ಕೆಯ ಪಟ್ಟಿಯಲ್ಲಿಯೇ ಇರಲಿಲ್ಲ. ನಂತರದ ಚುನಾವಣೆಗಳು ದೂರನ್ನು ಹೆಚ್ಚಿಸಿವೆಯೇ ಹೊರತು ಕಡಿಮೆ ಮಾಡಿಲ್ಲ. 2015ರಲ್ಲಿ ಯುಕೆ ಇಂಡಿಪೆಂಡೆನ್ಸ್ ಪಾರ್ಟಿ 38 ಲಕ್ಷಕ್ಕೂ ಹೆಚ್ಚು ಮತಗಳಿಗೆ ಒಂದೇ ಸ್ಥಾನ ಪಡೆಯಿತು, ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಹದಿನಾಲ್ಕೂವರೆ ಲಕ್ಷ ಮತಗಳಿಗೆ 56 ಸ್ಥಾನ ಪಡೆಯಿತು. 2024ರಲ್ಲಿ ಲೇಬರ್ ಪಕ್ಷ ಶೇ 33.7ರಷ್ಟು ಮತಗಳಿಂದ 650ರಲ್ಲಿ 411 ಸ್ಥಾನಗಳನ್ನು ಗೆದ್ದಿತು. ಆ ವರ್ಷದ ಡಿಸೆಂಬರ್‌ನಲ್ಲಿ ಪ್ರಮಾಣಾನುಗುಣ ಪ್ರಾತಿನಿಧ್ಯವನ್ನು ತರಬೇಕೆಂಬ ಖಾಸಗಿ ಮಸೂದೆಯೊಂದನ್ನು ಮಂಡಿಸಲು ಹೌಸ್ ಆಫ್ ಕಾಮನ್ಸ್ 136ರ ವಿರುದ್ಧ 138 ಮತಗಳಿಂದ ಅನುಮತಿ ನೀಡಿತು. ಸರಕಾರದ ಬೆಂಬಲವಿಲ್ಲದ ಆ ಮಸೂದೆ ಕಾಯ್ದೆಯಾಗುವ ಹಂತದ ಹತ್ತಿರಕ್ಕೂ ಬರಲಿಲ್ಲ.